ಮೇಲ್ಮನೆ ಸದಸ್ಯನ ಅಹವಾಲು

ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅಷ್ಟೇ ವಿಷಯ. ಹಗಲೆಲ್ಲ ಕಿವಿಗೇ ಬೀಳದ ಸದ್ದು ರಾತ್ರಿ ಹನ್ನೊಂದಾದ ಮೇಲೆ ಟಪ್, ಟಪ್ ಎಂದು ತಲೆದಿಂಬಿನ ಪಕ್ಕಕ್ಕೇ ಬಂದು ಕೂರುತ್ತಿತ್ತು. ಒಂದು ವಾಷರ್ ಹಾಕಿದರೆ ಮುಗಿಯುವ ಕೆಲಸ. ಆದರೆ ಬಾಡಿಗೆ ಮನೆಯಲ್ಲಿ ವಾಷರ್ ಹಾಕಿಸಬೇಕಾದವರು ಯಾರು ಎಂಬುದು ಬಹಳ ಹಳೆಯ ತಾತ್ವಿಕ ಪ್ರಶ್ನೆ. "ನಲ್ಲಿ ಅವರದು, ಅವರೇ ಹಾಕಿಸಲಿ" ಎಂದಳು ನನ್ನಾಕೆ. ತತ್ತ್ವಕ್ಕೆ ಬೆಲೆ ಕೊಟ್ಟು ಭಾನುವಾರ ಬೆಳಿಗ್ಗೆ ಕೆಳಗಿಳಿದೆ.

ಮಾಲೀಕರು ಪೋರ್ಟಿಕೋದಲ್ಲಿ ಪೇಪರ್ ಓದುತ್ತಿದ್ದರು. ಕಾಫಿ ತರಿಸಿದರು. ನಾನು "ನಲ್ಲಿ..." ಎನ್ನುವುದರೊಳಗೆ ಅವರು ಕನ್ನಡಕ ತೆಗೆದು, "ನೀವೇ ಬಂದಿದ್ದು ಒಳ್ಳೇದಾಯ್ತು ಸಾರ್, ನಾನೇ ಮೇಲೆ ಬರೋಣಾಂತಿದ್ದೆ" ಎಂದರು. ಬೆಂಗಳೂರಿನಲ್ಲಿ ಬಾಡಿಗೆಗಿರುವ ಓದುಗರಿಗೆ ಮುಂದಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಮುಗಿಯುವ ಹೊತ್ತಿಗೆ 26,000 ಇದ್ದ ಬಾಡಿಗೆ 29,000 ಆಗುವ ಸೂಚನೆ ಬಂದಿತ್ತು. "ಅಗ್ರಿಮೆಂಟಿನಲ್ಲಿ ಐದು ಪರ್ಸೆಂಟ್ ಅಂತ ಇತ್ತಲ್ಲ ಸಾರ್" ಎಂದೆ, ಆದಷ್ಟೂ ಮೆತ್ತಗೆ. "ಅದು ಹಳೇ ಅಗ್ರಿಮೆಂಟು. ಈಗ ಹೊಸದು ಮಾಡ್ತಿದ್ದೀವಲ್ಲ!" ಎಂದರು, ಅಷ್ಟೇ ಮೆತ್ತಗೆ. ಮೆಟ್ಟಿಲು ಹತ್ತಿ ಬಂದ ನನ್ನನ್ನು "ನಲ್ಲಿ ಏನಂದ್ರು?" ಎಂದು ಕೇಳಿದಳು. ನಲ್ಲಿಯ ವಿಷಯ ಸಭೆಯಲ್ಲಿ ಚರ್ಚೆಗೆ ಬರಲಿಲ್ಲ ಎಂದೆ.

ನಮ್ಮದು ಕೊಡಿಗೇಹಳ್ಳಿ ಕಡೆಯ ಒಂದು ಅಡ್ಡರಸ್ತೆ. ಮೂವತ್ತು–ನಲವತ್ತರ ಸೈಟು. ಆ 1,200 ಚದರಡಿ ಮಣ್ಣಿನ ಮೇಲೆ ಈಗ ನಾಲ್ಕು ಸಂಸಾರ ಮತ್ತು ಒಬ್ಬ ಬ್ರಹ್ಮಚಾರಿ ಇದ್ದೇವೆ. ನೆಲಮಹಡಿಯಲ್ಲಿ ಮಾಲೀಕರು, ಮೊದಲನೆಯದರಲ್ಲಿ ನಾವು, ಎರಡನೆಯದರಲ್ಲಿ ಒಂದು ಮನೆಯನ್ನು ನಡುವೆ ಗೋಡೆಯೆಬ್ಬಿಸಿ ಸೀಳಿದ ಎರಡು ಪೋರ್ಷನ್ನು, ಅದಕ್ಕೂ ಮೇಲೆ ಶೀಟು ಹೊದಿಸಿದ ಒಂದು ಕೋಣೆ. ಟು-ಲೆಟ್ ಬೋರ್ಡಿನಲ್ಲಿ ಆ ಕೋಣೆಗೆ 'ಪೆಂಟ್‌ಹೌಸ್' ಎಂದು ಬರೆದಿತ್ತು. ಏಪ್ರಿಲ್ ಬಂತೆಂದರೆ ಪೆಂಟ್‌ಹೌಸಿನ ಹುಡುಗ ಚಾಪೆ ಸುತ್ತಿಕೊಂಡು ಮೆಟ್ಟಿಲ ತಿರುವಿಗೆ ಬಂದು ಮಲಗುತ್ತಾನೆ. ಸರ್ಕಾರ 2023ರ ಜುಲೈನಿಂದ ಕೊಡುತ್ತಿರುವ 200 ಯೂನಿಟ್ಟಿನವರೆಗಿನ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು, ಆದರೆ ಎರಡನೆಯ ಮಹಡಿಯಲ್ಲಿ ಮೀಟರ್ ಒಂದೇ, ಸಂಸಾರ ಎರಡು. ಒಂದು ಮನೆಯವರು ಗೀಸರ್ ಹಾಕಿದ ದಿನ ಇನ್ನೊಂದು ಮನೆಯವರು ಮಾತು ಬಿಡುತ್ತಾರೆ.

ಈ ಏರ್ಪಾಟಿನಲ್ಲಿ ನನ್ನದು ಮೇಲ್ಮನೆ ಸದಸ್ಯನ ಸ್ಥಾನಮಾನ. ನೋಡಿ, ಸಂವಿಧಾನದ ಪ್ರಕಾರವೂ ಹಣಕಾಸು ಮಸೂದೆ ಹುಟ್ಟಬೇಕಾದದ್ದು ಕೆಳಮನೆಯಲ್ಲಿ. ಮೇಲ್ಮನೆ ಅದನ್ನು ಹೆಚ್ಚೆಂದರೆ 14 ದಿನ ಇಟ್ಟುಕೊಂಡು ಕೂರಬಹುದೇ ಹೊರತು ತಡೆಯುವಂತಿಲ್ಲ. ನಾನೂ ಪ್ರತಿಸಲ "ಮನೇಲಿ ಕೇಳಿ ಹೇಳ್ತೀನಿ ಸಾರ್" ಎಂದು ಒಂದೆರಡು ವಾರ ನನ್ನ ಘನತೆ ಕಾಪಾಡಿಕೊಳ್ಳುತ್ತೇನೆ. ಆಮೇಲೆ ಮಸೂದೆ ಅಂಗೀಕಾರವಾಗುತ್ತದೆ.

ಈ ಒಂದೆರಡು ವಾರದ ಅವಧಿಯಲ್ಲಿ ಬೇರೆ ಮನೆ ಹುಡುಕುವುದು ನಮ್ಮ ವಾಡಿಕೆ. ಅದಕ್ಕೊಂದು ದಿಕ್ಕೂ ಗೊತ್ತಾಗಿದೆ: ಉತ್ತರ. ಮದುವೆಗೆ ಮುಂಚೆ ನಾನಿದ್ದದ್ದು ಯಶವಂತಪುರದಲ್ಲಿ, ಆರ್‌ಎಂಸಿ ಯಾರ್ಡಿನ ಹಿಂದೆ, ಈರುಳ್ಳಿ ವಾಸನೆಯ ಒಂದು ಕೋಣೆಯಲ್ಲಿ. ಮದುವೆಯಾದ ಮೇಲೆ ಆರ್.ಟಿ. ನಗರ. ಅಲ್ಲಿ ಬಾಡಿಗೆ ಕೈಗೆಟುಕದಾದಾಗ ಹೆಬ್ಬಾಳ ದಾಟಿ ಇಲ್ಲಿಗೆ. ಇನ್ನು ಮುಂದೆ ಯಲಹಂಕ. ಅಲ್ಲೂ ಏರಿದರೆ ರೈಲು ಹಳಿ ಹಿಡಿದುಕೊಂಡು ದೊಡ್ಡಬಳ್ಳಾಪುರ, ಗೌರಿಬಿದನೂರು. ಅದರಾಚೆ ಹಿಂದೂಪುರ, ಅಂದರೆ ಆಂಧ್ರ. ಯಲಹಂಕದ ನಾಡಪ್ರಭು ಕೆಂಪೇಗೌಡರು ಅಲ್ಲಿಂದ ದಕ್ಷಿಣಕ್ಕೆ ಬಂದು 1537ರಲ್ಲಿ ಬೆಂಗಳೂರು ಕಟ್ಟಿದರು. ಬಾಡಿಗೆದಾರನಾದ ನಾನು ಆ ಯಾತ್ರೆಯನ್ನು ಹಿಮ್ಮುಖವಾಗಿ ಮುಗಿಸುತ್ತಿದ್ದೇನೆ. ನನ್ನ ಮಾತು ಬಿಡಿ, ಖುದ್ದು ಕೆಂಪೇಗೌಡರೇ 2022ರ ನವೆಂಬರಿನಲ್ಲಿ 108 ಅಡಿ ಎತ್ತರದ ಕಂಚಾಗಿ ಯಲಹಂಕವನ್ನೂ ದಾಟಿ ವಿಮಾನ ನಿಲ್ದಾಣದ ಅಂಗಳಕ್ಕೆ ಬಂದು ನಿಂತಿದ್ದಾರೆ. ಊರು ಕಟ್ಟಿದವರಿಗೇ ಊರೊಳಗೆ ಜಾಗವಾಗದಿದ್ದರೆ ನನ್ನಂಥವನ ಪಾಡೇನು.

ಎಲ್ಲಕ್ಕೂ ಮೂಲ ಆ ವಿಮಾನ ನಿಲ್ದಾಣ. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ಆದಾಗ ಅದು ಊರಿನ ಕೊನೆ ಎಂದೇ ಎಲ್ಲರೂ ತಿಳಿದಿದ್ದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಿಂದ ವಿಮಾನ ಹಾರತೊಡಗಿತು ನೋಡಿ, ಬಳ್ಳಾರಿ ರಸ್ತೆಯ ಎರಡೂ ಬದಿಯ ದ್ರಾಕ್ಷಿ ತೋಟಗಳು ಒಂದೊಂದಾಗಿ ಬಡಾವಣೆಗಳಾದವು. ಬೆಂಗಳೂರು ನೀಲಿ ದ್ರಾಕ್ಷಿಗೂ ದೇವನಹಳ್ಳಿಯ ಚಕ್ಕೋತಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಮಾನ್ಯತೆ ಬಂತು, ಬಳ್ಳಿ ಬೆಳೆಯಬೇಕಾದ ಭೂಮಿ ಚದರಡಿಯ ಲೆಕ್ಕಕ್ಕೆ ಹೋಯಿತು. ಜೊತೆಗೆ ನಾಗವಾರದ ಮಾನ್ಯತಾ ಟೆಕ್‌ ಪಾರ್ಕು. ಆಮೇಲೆ ಮೆಟ್ರೊ. ಕೆ.ಆರ್. ಪುರದಿಂದ ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ಆ ಹಾದಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2021ರ ಏಪ್ರಿಲ್‌ನಲ್ಲಿ. ಕಂಬಕ್ಕೆ ಗುಂಡಿ ತೋಡುವ ಮೊದಲೇ "ಮೆಟ್ರೊ ಬರುತ್ತಲ್ಲ ಸಾರ್" ಎಂದು ನಮ್ಮ ಕಡೆ ಬಾಡಿಗೆ ಏರಿತು. ಗುಂಡಿ ತೋಡಿದ ಮೇಲೆ ಧೂಳು ಕುಡಿದವರಿಗೆ, ಹೆಬ್ಬಾಳದಲ್ಲಿ ಬಸ್ಸಿನೊಳಗೆ ನಿಂತೇ ನಿದ್ದೆ ಮಾಡಿದವರಿಗೆ ಅಷ್ಟೋ ಇಷ್ಟೋ ಬಾಡಿಗೆ ಇಳಿಸಬೇಕಿತ್ತು ಎಂಬುದು ನನ್ನ ವಾದ. ಕೆಳಮನೆಯಲ್ಲಿ ಅದಕ್ಕೆ ಬೆಂಬಲ ಸಿಗಲಿಲ್ಲ.

ನಾನು ವಿಮಾನ ಹತ್ತುವುದು ತೀರ ಅಪರೂಪ. ಆದರೂ ವಿಮಾನ ನಿಲ್ದಾಣ ಹತ್ತಿರವಿದೆ ಎಂಬ ಕಾರಣಕ್ಕೆ ತಿಂಗಳು ತಿಂಗಳೂ ದುಡ್ಡು ಕಟ್ಟುತ್ತಿದ್ದೇನೆ. ಎರಡು ವರ್ಷಕ್ಕೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ಏರ್ ಶೋ ನಡೆದಾಗ ಮಾತ್ರ ಸ್ವಲ್ಪ ವಸೂಲಾಗುತ್ತದೆ. ನೆಂಟರೆಲ್ಲ ಬಂದು ಟೆರೇಸು ಹತ್ತುತ್ತಾರೆ, ಯುದ್ಧವಿಮಾನದ ಸದ್ದಿಗೆ ಅಡುಗೆಮನೆಯ ಲೋಟಗಳು ನಡುಗುತ್ತವೆ. ಟೆರೇಸಿಗೆ ಟಿಕೆಟ್ ಇಡದಿರುವುದು ನಮ್ಮ ಮಾಲೀಕರ ದೊಡ್ಡತನ.

ಮನೆ ಹುಡುಕುವ ವಿಷಯಕ್ಕೆ ಬರುತ್ತೇನೆ. ಕೊರೋನಾ ಕಾಲದಲ್ಲಿ ಊರ ತುಂಬ ಟು-ಲೆಟ್ ಬೋರ್ಡು ನೇತಾಡುತ್ತಿದ್ದವು. ಹುಡುಗರೆಲ್ಲ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ತಮ್ಮ ತಮ್ಮ ಊರಿಗೆ ಹೋಗಿದ್ದರು. ಆಗ ಮಾಲೀಕರುಗಳೇ ಫೋನು ಮಾಡಿ "ಊಟ ಆಯ್ತಾ ಸಾರ್" ಎಂದು ವಿಚಾರಿಸುತ್ತಿದ್ದ ಕಾಲ. 2022ರಲ್ಲಿ ಆಫೀಸುಗಳು ಬಾಗಿಲು ತೆರೆದದ್ದೇ ತಡ, ಇಡೀ ಊರು ಒಂದೇ ಸಲಕ್ಕೆ ಮನೆ ಕೇಳಿತು. 2023ರಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ನೀವೂ ಓದಿರಬಹುದು: ಹನ್ನೆರಡನೆಯ ತರಗತಿಯಲ್ಲಿ 75 ಪರ್ಸೆಂಟ್ ಮಾತ್ರ ಬಂದಿತ್ತೆಂದು ಒಬ್ಬ ಹುಡುಗನಿಗೆ ಬೆಂಗಳೂರಿನಲ್ಲಿ ಮನೆ ಕೊಡಲಿಲ್ಲವಂತೆ, ಮಾಲೀಕರು ತೊಂಬತ್ತು ಬಯಸಿದ್ದರಂತೆ. ಅದನ್ನೋದಿ ನನ್ನ ಪಿಯುಸಿ ಅಂಕಪಟ್ಟಿ ನೆನಪಿಸಿಕೊಂಡೆ. ಆ ಅಂಕಗಳಿಗೆ ಯಾರಾದರೂ ಕೊಡುವುದಿದ್ದರೆ ಸಂಪಿನ ಪಕ್ಕದ ಪಾರ್ಕಿಂಗ್ ಜಾಗವನ್ನಷ್ಟೇ.

ನಮಗೆ ಯಾರೂ ಅಂಕ ಕೇಳಲಿಲ್ಲ. ಕೇಳುವ ಪ್ರಶ್ನೆಗಳು ಬೇರೆ. ಅಟ್ಟೂರು ಲೇಔಟಿನ ಒಬ್ಬರು "ಎಷ್ಟು ಜನ, ನೆಂಟರು ಜಾಸ್ತೀನಾ, ನಾಯಿ ಇದೆಯಾ" ಎಂದರು. ವಿದ್ಯಾರಣ್ಯಪುರದ ಒಬ್ಬರು ಬೀಗದ ಕೈ ಬೆರಳಲ್ಲಿ ತಿರುಗಿಸುತ್ತ "ನೀವು... ಯಾವ ಪೈಕಿ?" ಎಂದರು. ಬಹಳ ಸೌಜನ್ಯದ ದನಿ. ನನಗೆ ಈ ಪ್ರಶ್ನೆ ಒಂದು ಮುಜುಗರವಾಗಿ ಮುಗಿಯುತ್ತದೆ. ನನ್ನ ಸಹೋದ್ಯೋಗಿ, ಆರ್.ಟಿ. ನಗರದಲ್ಲಿ ಹುಟ್ಟಿ ಬೆಳೆದು ನನಗಿಂತ ಚೆನ್ನಾಗಿ ಕನ್ನಡ ಮಾತನಾಡುವ ಮುಸ್ಲಿಂ ಗೆಳೆಯ, ಅವನಿಗೆ ಅದು ಮನೆಯ ಬಾಗಿಲಲ್ಲೇ ಮುಗಿಯುತ್ತದೆ. ಹೆಸರು ಹೇಳಿದ ಕೂಡಲೇ "ಅಯ್ಯೋ, ನಿನ್ನೆ ತಾನೇ ಒಬ್ರು ಅಡ್ವಾನ್ಸ್ ಕೊಟ್ಟುಹೋದ್ರು" ಎಂಬ ಉತ್ತರ. ಬೋರ್ಡು ಮಾತ್ರ ಇನ್ನೂ ಒಂದು ತಿಂಗಳು ಅಲ್ಲೇ ನೇತಾಡುತ್ತಿರುತ್ತದೆ. ತಮಾಷೆಯ ಬರಹದಲ್ಲಿ ಇದನ್ನೇಕೆ ತಂದಿರಿ ಎಂದು ಕೇಳಬೇಡಿ. ಮನೆ ಹುಡುಕಲು ಹೊರಟವನಿಗೆ ಇದೂ ಎದುರಾಗುತ್ತದೆ.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಅದರ ರಕ್ಷಣೆ ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರದ ಬಾಡಿಗೆಯ ಮನೆಗಳಿಗೆ. ಈಗ 3,500ಕ್ಕೆ ಹೆಬ್ಬಾಳದಿಂದೀಚೆಗೆ ಏನು ಸಿಕ್ಕೀತೆಂದು ಯೋಚಿಸಿದ್ದೇನೆ. ಒಂದು ಸ್ಕೂಟರಿಗೆ ನೆರಳು ಸಿಕ್ಕೀತು. ಆ ಸ್ಕೂಟರನ್ನು ಮಾತ್ರ ಕಾಯ್ದೆಯ ಬಲದಿಂದ ಯಾರೂ ಒಕ್ಕಲೆಬ್ಬಿಸುವಂತಿಲ್ಲ. ಉಳಿದ ನಮಗೆಲ್ಲ ಹನ್ನೊಂದು ತಿಂಗಳ ಅಗ್ರಿಮೆಂಟು. ಹನ್ನೊಂದೇ ಏಕೆಂದರೆ 1908ರ ನೋಂದಣಿ ಕಾಯ್ದೆಯಂತೆ ವರ್ಷ ಮೀರಿದ ಗೇಣಿಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಒಂದು ತಿಂಗಳು ಕಡಿಮೆ ಬರೆದರೆ ಸ್ಟಾಂಪ್ ಪೇಪರು, ನೋಟರಿ, ಇಷ್ಟರಲ್ಲೇ ಮುಗಿಯಿತು. ಹೀಗೆ ಬೆಂಗಳೂರಿನ ಲಕ್ಷಾಂತರ ಸಂಸಾರಗಳು ಬ್ರಿಟಿಷರ ಕಾಲದ ಒಂದು ಕಲಮಿನ ಕೆಳಗೆ ತೂರಿಕೊಂಡು ಬದುಕುತ್ತಿವೆ.

ಆದಾಯ ತೆರಿಗೆಯವರ ಕಥೆ ಕೇಳಿ. ಮನೆಬಾಡಿಗೆ ಭತ್ಯೆಯ ವಿನಾಯಿತಿಗೆ ದಿಲ್ಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಈ ನಾಲ್ಕಕ್ಕೆ ಸಂಬಳದ 50 ಪರ್ಸೆಂಟಿನ ಮಿತಿಯಿತ್ತು, ಮಿಕ್ಕ ಊರುಗಳಿಗೆ 40. ದಶಕಗಳ ಕಾಲ ಬೆಂಗಳೂರು ಈ 'ಮಿಕ್ಕ ಊರು'ಗಳಲ್ಲೊಂದಾಗಿತ್ತು. ಬಾಡಿಗೆ ಮಹಾನಗರದ್ದು, ವಿನಾಯಿತಿ ಮಿಕ್ಕ ಊರಿನದು. ಅದನ್ನಾದರೂ ಪಡೆಯೋಣವೆಂದರೆ ವರ್ಷಕ್ಕೆ ಲಕ್ಷ ಮೀರಿದ ಬಾಡಿಗೆಗೆ ಮಾಲೀಕರ ಪ್ಯಾನ್ ನಂಬರ್ ಬೇಕು. ನಾನು ಹಿಂದೆ ಇದ್ದ ಮನೆಯ ಯಜಮಾನರು ಮಕ್ಕಳ ಮದುವೆ, ಸಕ್ಕರೆ ಕಾಯಿಲೆ, ಸೊಸೆಯ ಸ್ವಭಾವ ಎಲ್ಲವನ್ನೂ ನನ್ನ ಬಳಿ ಹೇಳಿಕೊಂಡವರು. ಪ್ಯಾನ್ ಕೇಳಿದ ದಿನ ಮಾತ್ರ "ಅದೆಲ್ಲ ಯಾಕೆ ಸಾರ್, ನಾವೇನು ಬೇರೆಯವರಾ?" ಎಂದುಬಿಟ್ಟರು.

ಹಾಗಿದ್ದರೆ ಸ್ವಂತ ಮನೆಯನ್ನೇ ಕೊಳ್ಳಬಹುದಲ್ಲ ಎನ್ನುವ ಹಿತೈಷಿಗಳಿದ್ದಾರೆ. ನಾವೂ ಬಾಗಲೂರು ರಸ್ತೆಯಲ್ಲಿ ಒಂದು ಫ್ಲ್ಯಾಟ್ ನೋಡಿಬಂದೆವು. ಮಾಡೆಲ್ ಫ್ಲ್ಯಾಟಿನಲ್ಲಿ ಮಂಚ ಸ್ವಲ್ಪ ಗಿಡ್ಡವೇನೋ ಎನ್ನಿಸಿ ಕೂತು ನೋಡಿದೆ, ನಿಜವಾಗಿ ಗಿಡ್ಡವಿತ್ತು, ಕೋಣೆ ದೊಡ್ಡದಾಗಿ ಕಾಣಲೆಂದು. ಬೆಲೆ ಕೋಟಿಯ ಸುತ್ತ. ಅದರ ಮೇಲೆ ಮುದ್ರಾಂಕ ಶುಲ್ಕ 5 ಪರ್ಸೆಂಟ್, 2025ರ ಆಗಸ್ಟ್ ಕೊನೆಯಿಂದ ಒಂದರಿಂದ ಎರಡಕ್ಕೇರಿದ ನೋಂದಣಿ ಶುಲ್ಕ, ಸೆಸ್ಸು, ಅದು ಇದು. ಕೋಟಿಗೆ ಏಳು ಲಕ್ಷ ದಾಟಿ ಬರೀ ಕಾಗದಕ್ಕೇ. ಬೆಂಗಳೂರಿನ ಪ್ರತಿ ಮಧ್ಯಮವರ್ಗದ ಮನೆಯಲ್ಲೂ ಕೈತಪ್ಪಿದ ಸೈಟಿನ ಕಥೆಯೊಂದು ಇರುತ್ತದೆ: "ಆವತ್ತು ಯಲಹಂಕದಲ್ಲಿ ಚದರಡಿಗೆ ಇಷ್ಟೇ ಇತ್ತು, ನರಿ ಓಡಾಡೋ ಜಾಗ ಅಂತ ಬಿಟ್ವಿ." ಆ ಕೊರಗು ನನಗಿಲ್ಲ. ಆವತ್ತು ನನ್ನ ಹತ್ತಿರ ಆ ಇಷ್ಟೇ ಕೂಡ ಇರಲಿಲ್ಲ.

ಇಷ್ಟು ಓದಿದ ಮೇಲೆ ನಮ್ಮ ಮಾಲೀಕರನ್ನು ನೀವು ದುರುಳರೆಂದು ತಿಳಿದಿದ್ದರೆ ಅದು ತಪ್ಪು. ಅವರದೊಂದು ಡೈರಿ ಇದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಇಡೀ ಬೆಂಗಳೂರು ಟ್ಯಾಂಕರಿನ ಹಿಂದೆ ಓಡುತ್ತಿದ್ದಾಗ ಒಂದು ಸಂಜೆ ಅದನ್ನು ನನಗೆ ತೋರಿಸಿದರು. ಜಿಲ್ಲಾಡಳಿತ ಆಗ 6,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 600 ರೂಪಾಯಿ ಎಂದು ದರ ಕಟ್ಟಿತ್ತು. ಆ ದರದ ಟ್ಯಾಂಕರು ನಮ್ಮ ಅಡ್ಡರಸ್ತೆಯ ತಿರುವಿಗೆ ಬಂದದ್ದನ್ನು ನಾನೂ ಕಾಣೆ, ಅವರೂ ಕಾಣರು. ಡೈರಿಯಲ್ಲಿ ಒಂದೊಂದು ಟ್ಯಾಂಕರಿನ ತಾರೀಖು, ದುಡ್ಡು, ಡ್ರೈವರಿನ ಹೆಸರು, ಎಲ್ಲ ಮುತ್ತಿನಂಥ ಅಕ್ಷರದಲ್ಲಿ ಇದ್ದವು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು, 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರು. ಮರುವರ್ಷದ ಏಪ್ರಿಲ್‌ನಲ್ಲಿ, 2014ರ ನಂತರ ಮೊದಲ ಸಲ, ನೀರಿನ ದರವೂ ಏರಿತು. ಅದೇ ತಿಂಗಳಿನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವೂ ಬಂತು. ಡೈರಿಯಲ್ಲಿ ಹೊಸ ಪುಟ.

ಅವರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಕೈಗಡಿಯಾರ ಜೋಡಿಸುತ್ತಿದ್ದವರು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಶುರುವಾಗಿ ದೇಶಕ್ಕೇ ಹೊತ್ತು ಹೇಳಿದ ಕಾರ್ಖಾನೆ ಅದು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು ತೀರ್ಮಾನಿಸಿತು. ಇವರು ಅದಕ್ಕೂ ಮುಂಚೆಯೇ ವಿಆರ್‌ಎಸ್ ತೆಗೆದುಕೊಂಡು, ಬಂದ ಗಂಟನ್ನು ಹಾಗೇ ತಂದು ನಾನೀಗ ಇರುವ ಮಹಡಿಗೆ ಸುರಿದರು. ಪಿಂಚಣಿ? 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ, ಅದೂ 2014ರಿಂದ. ಇವರಿಗೆ ಎರಡು ಸಾವಿರ ಚಿಲ್ಲರೆ ಬರುತ್ತದೆ, ಗಂಡ ಹೆಂಡಿರ ಬಿಪಿ ಮಾತ್ರೆಗೆ ಸಾಲದು. ಹೀಗಾಗಿ ಒಂದನೆಯ ತಾರೀಖು ಬೆಳಿಗ್ಗೆ ಎಂಟಕ್ಕೆ ಅವರು ನನ್ನ ಬಾಗಿಲು ತಟ್ಟಿದಾಗ ಬಂದವರು ಮಾಲೀಕರಲ್ಲ, ಪಿಂಚಣಿ ಕೇಳಲು ಬಂದ ನಿವೃತ್ತ ನೌಕರರು. ಹೊತ್ತು ಮಾತ್ರ ಒಂದು ನಿಮಿಷ ಆಚೀಚೆ ಆಗುವುದಿಲ್ಲ.

ಎರಡನೆಯ ಮಹಡಿ ಕಟ್ಟುವಾಗ ಕೈ ಬರಿದಾಗಿತ್ತು. ಬ್ಯಾಂಕಿಗೆ ಹೋದರೆ ಬಿ ಖಾತಾ ಎಂದು ಕಾಗದ ವಾಪಸು ಕೊಟ್ಟರಂತೆ. 2007ರಲ್ಲಿ ಯಲಹಂಕ, ಬ್ಯಾಟರಾಯನಪುರದಂಥ ನಗರಸಭೆಗಳನ್ನು ಸೇರಿಸಿ ಬಿಬಿಎಂಪಿ ಮಾಡಿದಾಗ ಇಲ್ಲಿನ ರೆವಿನ್ಯೂ ಸೈಟುಗಳೆಲ್ಲ ಬಿ ಖಾತಾದ ಪುಸ್ತಕಕ್ಕೆ ಹೋದವು: ತೆರಿಗೆ ಪೂರ್ತಿ, ಮರ್ಯಾದೆ ಅರ್ಧ. ಕೊನೆಗೆ ಸೊಸೈಟಿಯೊಂದರಲ್ಲಿ ಹೆಚ್ಚಿನ ಬಡ್ಡಿಗೆ ಸಾಲ. ಈಗ ಬಿಬಿಎಂಪಿಯೇ ಇಲ್ಲ, 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು, ನಾವು ಉತ್ತರ ಪಾಲಿಕೆಯವರು. ಇ-ಖಾತಾ ಮಾಡಿಸುತ್ತಾರಂತೆ, ಬಿ ಅನ್ನು ಎ ಮಾಡುತ್ತಾರಂತೆ, ಅದಕ್ಕೂ ಶುಲ್ಕವಂತೆ. ಸಾಲ ಮಾತ್ರ ಹಳೆಯದೇ ಇದೆ.

ಇವರ ಮಗನ ಕಥೆ ಇನ್ನೂ ಸೊಗಸು. ಹುಡುಗನಿಗೆ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. 2021ರಲ್ಲಿ, ಸಾಲ ಅಗ್ಗವಾಗಿದ್ದಾಗ, ಅಪ್ಪ ಅಮ್ಮನಿಗೆ ಹತ್ತಿರವಿರಲೆಂದು ಥಣಿಸಂದ್ರದಲ್ಲಿ ಫ್ಲ್ಯಾಟ್ ಕೊಂಡ. 50 ಲಕ್ಷ, 20 ವರ್ಷ, ಆರೂವರೆ ಪರ್ಸೆಂಟ್, ತಿಂಗಳ ಕಂತು 37,300ರ ಸುತ್ತ. ಆಗ ರಿಸರ್ವ್ ಬ್ಯಾಂಕಿನ ರೆಪೊ ದರ 4. 2022ರ ಮೇ ತಿಂಗಳಲ್ಲಿ ಏರತೊಡಗಿದ್ದು 2023ರ ಫೆಬ್ರುವರಿಗೆ ಆರೂವರೆಗೆ ಮುಟ್ಟಿತು. ಹುಡುಗನ ಸಾಲ 9 ಪರ್ಸೆಂಟಾಯಿತು. ಕಾಗದ ಪೆನ್ಸಿಲು ಇದ್ದರೆ ಲೆಕ್ಕ ಹಾಕಿ: 50 ಲಕ್ಷಕ್ಕೆ 9 ಪರ್ಸೆಂಟಿನಂತೆ ತಿಂಗಳ ಬಡ್ಡಿಯೇ 37,500. ಅಂದರೆ ಅವನು ಕಟ್ಟುತ್ತಿದ್ದ ಕಂತು ಪೂರ್ತಿ ಸಾಲದ ಬಡ್ಡಿಗೇ ಸಾಲದು. ಆ ವೇಳೆಗೆ ಅಸಲು ಒಂದಿಷ್ಟು ಕರಗಿತ್ತಾದ್ದರಿಂದ ಬಚಾವು. ಕಂತನ್ನು ಹಾಗೇ ಬಿಟ್ಟು ಅವಧಿಯನ್ನಷ್ಟೇ ಎಳೆದರೆ ಸಾಲ ತೀರುವ ಹೊತ್ತಿಗೆ ಅವನಿಗೆ ಎಪ್ಪತ್ತು ದಾಟುತ್ತಿತ್ತು. ಬ್ಯಾಂಕು ಅಷ್ಟು ದೀರ್ಘಾಯುಷ್ಯ ಹಾರೈಸಲು ಒಪ್ಪದೆ ಕಂತು ಏರಿಸಿತು. 2025ರಲ್ಲಿ ದರ ಇಳಿಯಿತು ನಿಜ, ಅಷ್ಟರಲ್ಲಿ ಹುಡುಗನ ತಲೆಗೂದಲೂ ಇಳಿದಿತ್ತು.

ಇನ್ನು ಥಣಿಸಂದ್ರದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಹೋಗಿಬರುವುದು ಮನುಷ್ಯಮಾತ್ರರಿಂದ ಆಗದು. ಆದ್ದರಿಂದ ಅವನು ಆ ಫ್ಲ್ಯಾಟನ್ನು ಮಾನ್ಯತಾದಲ್ಲಿ ಕೆಲಸ ಮಾಡುವ ಇನ್ನೊಬ್ಬ ಹುಡುಗನಿಗೆ ಬಾಡಿಗೆಗೆ ಕೊಟ್ಟು, ತಾನು ಅತ್ತ ಬೊಮ್ಮಸಂದ್ರದ ಕಡೆ ಬಾಡಿಗೆಗಿದ್ದಾನೆ. ಹಬ್ಬಕ್ಕೆ ಬಂದಾಗ ಟೆರೇಸಿನಲ್ಲಿ ನಾವಿಬ್ಬರೂ ಮಾತಿಗೆ ಕೂರುತ್ತೇವೆ. "ನಮ್ ಓನರ್ ಏನಂದ್ಕೊಂಡಿದ್ದಾನೆ ಅಂಕಲ್, ಒಂದೇ ಸಲಕ್ಕೆ ನಾಲ್ಕು ಸಾವಿರ ಏರ್ಸಿದ್ದಾನೆ, ಬಾತ್‌ರೂಮ್ ಲೀಕು ಕೇಳೋರಿಲ್ಲ" ಎಂದು ಶುರು ಮಾಡುತ್ತಾನೆ. ಮಧ್ಯದಲ್ಲಿ ಫೋನು ಬರುತ್ತದೆ. ಎದ್ದು ಹೋಗಿ ನೀರಿನ ಟ್ಯಾಂಕಿನ ಹಿಂದೆ ನಿಂತು, "ಇಲ್ಲಪ್ಪ, ನಾಲ್ಕಾದ್ರೂ ಏರಿಸ್ಲೇಬೇಕು, ಇಎಂಐ ಎಲ್ಲಿಂದ ಕಟ್ಟಲಿ ನಾನು? ಲೀಕೇಜ್ ಎಲ್ಲ ನೀವೇ ನೋಡ್ಕೋಬೇಕು" ಎಂದು ಹೇಳಿ, ಬಂದು ಕೂತು, "ಹ್ಞಾಂ, ಏನ್ ಹೇಳ್ತಿದ್ದೆ ಅಂಕಲ್, ಈ ಓನರ್‌ಗಳಿಗೆ ಮನುಷ್ಯತ್ವಾನೇ ಇಲ್ಲ" ಎಂದು ಮುಂದುವರಿಸುತ್ತಾನೆ. ಎರಡೂ ಮಾತನ್ನು ಅವನು ಮನಸ್ಸಿನಿಂದಲೇ ಆಡುತ್ತಾನೆ. ಸುಳ್ಳಿಲ್ಲ.

ನನ್ನ 29,000ದ ಹಾದಿಯನ್ನು ಈಗ ಹಿಡಿದು ನೋಡಿ. ಒಂದನೆಯ ತಾರೀಖು ಅದು ಕೆಳಮನೆಗೆ ಇಳಿಯುತ್ತದೆ. ಒಂದು ಪಾಲು ಸೊಸೈಟಿಗೆ, ಒಂದು ಪಾಲು ಮಾತ್ರೆಗೆ, ಒಂದು ಪಾಲು ಮಗನ ಕಂತಿಗೆ ಕೈಗಡವಾಗಿ ಹೋಗುತ್ತದೆ. ಮಗ ಕಂತು ಕಟ್ಟಿ, ಉಳಿದದ್ದನ್ನು ತನ್ನ ಮಾಲೀಕನಿಗೆ ಕೊಡುತ್ತಾನೆ. ಆ ಮಾಲೀಕ ಯಾವ ಬ್ಯಾಂಕಿನವನೋ. ಮೇಲ್ಮನೆಯವನು ಕೆಳಮನೆಯವರನ್ನು ಕುಬೇರರೆಂದು ತಿಳಿದಿರುತ್ತಾನೆ. ಕೆಳಮನೆಯವರು "ಮೇಲಿನವ್ರಿಗೇನ್ರೀ, ಗಂಡ ಹೆಂಡ್ತಿ ಇಬ್ರೂ ದುಡೀತಾರೆ" ಎನ್ನುತ್ತಾರೆ. ಆಚೆ ಬೀದಿಯ ಎಟಿಎಂ ಇಬ್ಬರನ್ನೂ ಕೇಳಿಸಿಕೊಂಡು ಬಾಯಿ ತೆರೆದು ನಿಂತಿರುತ್ತದೆ.

ಇಷ್ಟೆಲ್ಲ ಸಹಿಸಿಕೊಂಡ ನನಗೆ ಸಹಿಸಲಾಗದ್ದು ಒಂದೇ, ಅಡ್ವಾನ್ಸು. ಹತ್ತು ತಿಂಗಳ ಬಾಡಿಗೆಯನ್ನು ಒಟ್ಟಿಗೆ ತಂದು ಬಡ್ಡಿಯಿಲ್ಲದೆ ಒಬ್ಬರ ಕೈಯಲ್ಲಿಡುವ ಈ ಪದ್ಧತಿ ನಮ್ಮ ಊರಿನ ವಿಶೇಷ. ಮುಂಬೈ, ದಿಲ್ಲಿಯಿಂದ ಬಂದವರು ಕೇಳಿ ಮೊದಲು ನಗುತ್ತಾರೆ, ಆಮೇಲೆ ಸಾಲ ಮಾಡುತ್ತಾರೆ. ನಾನು ಕೊಟ್ಟ ಅಡ್ವಾನ್ಸು ಎಲ್ಲಿದೆ ಎಂಬುದು ನನಗೆ ಗೊತ್ತು: ಮಾಲೀಕರ ಮಗಳ ಮದುವೆಯಲ್ಲಿ ಅದನ್ನು ನಾನೇ ಬಾಳೆಯೆಲೆಯ ಮೇಲೆ ಉಂಡಿದ್ದೇನೆ. ಹೋಳಿಗೆ ಚೆನ್ನಾಗಿತ್ತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಎರಡೂ ಅರ್ಧಕ್ಕೆ ಬಾಡಿಗೆದಾರರ ಅಡ್ವಾನ್ಸೇ ಬಂಡವಾಳ ಎಂಬುದನ್ನು ಹಿರಿಯರು ಗಾದೆಯಲ್ಲಿ ಸೇರಿಸಲಿಲ್ಲ, ಅಷ್ಟೇ. ನಾನು ಖಾಲಿ ಮಾಡಿದ ದಿನ ನನ್ನ ದುಡ್ಡು ಬರಬೇಕಾದದ್ದು ಮುಂದೆ ಬರುವವನ ಅಡ್ವಾನ್ಸಿನಿಂದ. ನಾನು ಬಂದಾಗ ನನ್ನದು ಹಿಂದಿನವನಿಗೆ ಹೋಯಿತು. ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುವಾಗ ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿಗೆ, ಇವತ್ತಿನದು ನಾಳೆಗೆ ಸಾಗುತ್ತಲ್ಲ, ಹಾಗೆ ಯಾವುದೋ ಕಾಲದ ಮೊದಲ ಬಾಡಿಗೆದಾರನ ದುಡ್ಡು ಈ ಮನೆಯಲ್ಲಿ ಇನ್ನೂ ಹೆಪ್ಪಾಗಿಯೇ ಇದೆ. ಒಬ್ಬ ಬಾಡಿಗೆದಾರ ಸಿಗುವುದು ಎರಡು ತಿಂಗಳು ತಡವಾದರೆ ಹಿಂದಿನವನು ಹೊಸ ಮನೆಯ ಬಾಗಿಲಲ್ಲಿ ಲಾರಿ ನಿಲ್ಲಿಸಿಕೊಂಡು ಅಣ್ಣತಮ್ಮಂದಿರಿಗೆ ಫೋನು ಮಾಡಬೇಕು.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟು ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದು ಎನ್ನುತ್ತದೆ ಅದು. ಮಾದರಿ ಎಂದರೆ ಗೊತ್ತಲ್ಲ, ರಾಜ್ಯಗಳು ಬೇಕಾದರೆ ನೋಡಿ ಬರೆದುಕೊಳ್ಳಬಹುದು. ಕೊಡಿಗೇಹಳ್ಳಿಯ ಟು-ಲೆಟ್ ಬೋರ್ಡುಗಳಿಗೆ ಈ ಸುದ್ದಿ ಮುಟ್ಟಿಲ್ಲ. ಬಾಡಿಗೆ ಪೇಟೆಯ ಮಾತು, ಏರುತ್ತದೆ ಇಳಿಯುತ್ತದೆ, ಅದಕ್ಕೆ ನಾನು ಜಗಳವಾಡಲಾರೆ. ಆದರೆ ಈ ಅಡ್ವಾನ್ಸನ್ನು ಎರಡಲ್ಲದಿದ್ದರೆ ಮೂರು ತಿಂಗಳಿಗೆ ತಂದು, ಅದನ್ನೊಂದು ಬೇರೆ ಖಾತೆಯಲ್ಲಿಟ್ಟರೆ ನಾವೂ ಧೈರ್ಯವಾಗಿ ಮನೆ ಬಿಡಬಹುದು, ಮಾಲೀಕರೂ ಧೈರ್ಯವಾಗಿ ಬಿಡಿಸಬಹುದು. ಈಗ ಇಬ್ಬರೂ ಆ ದುಡ್ಡಿಗೆ ಕಟ್ಟುಬಿದ್ದು ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದೇವೆ. ಕೆಲವರು ಬಾಡಿಗೆಯ ಗೊಡವೆಯೇ ಬೇಡವೆಂದು ಹತ್ತು ಹದಿನೈದು ಲಕ್ಷಕ್ಕೆ ಭೋಗ್ಯಕ್ಕೆ ಹೋಗುತ್ತಾರೆ. ಅಲ್ಲೂ ಮೂರು ವರ್ಷವಾದ ಮೇಲೆ ಅಷ್ಟು ದುಡ್ಡು ಒಟ್ಟಿಗೆ ವಾಪಸು ಬರಬೇಕಲ್ಲ! ಅದೇ ಹೆಪ್ಪು, ಪಾತ್ರೆ ದೊಡ್ಡದು.

ಮಸೂದೆ ಅಂಗೀಕಾರವಾಯಿತು ಎಂದು ಬೇರೆ ಹೇಳಬೇಕೇ? ಅಟ್ಟೂರು, ವಿದ್ಯಾರಣ್ಯಪುರ ಎಲ್ಲ ಸುತ್ತಿಬಂದು ಕೂಡಿ ಕಳೆದರೆ ಹೊಸ ಅಡ್ವಾನ್ಸು, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಲಾರಿ, ಗ್ಯಾಸ್ ವರ್ಗಾವಣೆ. ಅದರ ಮೇಲೆ ಇಲ್ಲಿ ಬಿಟ್ಟುಹೋಗುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಕಡಿತ. ಮೂರು ಸಾವಿರ ಹೆಚ್ಚು ಕೊಡುವುದೇ ಅಗ್ಗ ಎಂದು ತೀರ್ಮಾನಿಸಿದಳು ನನ್ನಾಕೆ. ವಾಷರನ್ನು ಕೊನೆಗೆ ಪೆಂಟ್‌ಹೌಸಿನ ಹುಡುಗ ಹಾಕಿಕೊಟ್ಟ. ಕೂಲಿ ಬೇಡವೆಂದ, ಊಟ ಮಾಡಿಹೋದ.

ಪೇಂಟಿಂಗಿನ ಮಾತು ಬಂತು. ನಾವು ಈ ಮನೆಗೆ ಬಂದಾಗ ಹಾಲಿನ ಗೋಡೆಯ ಮೇಲೆ ಹಿಂದಿನವರ ಮಗು ಕ್ರೇಯಾನಿನಲ್ಲಿ ಬರೆದ ಒಂದು ಆನೆ ಇತ್ತು. ಅವರನ್ನು ಆಮೇಲೊಮ್ಮೆ ಸಹಕಾರನಗರದ ತರಕಾರಿ ಅಂಗಡಿಯಲ್ಲಿ ಕಂಡಾಗ ಕೇಳಿದೆ, ಅವರ ಅಡ್ವಾನ್ಸಿನಿಂದಲೂ ಪೇಂಟಿಂಗಿಗೆಂದು ಒಂದು ತಿಂಗಳದು ಮುರಿದುಕೊಂಡಿದ್ದರಂತೆ. ಆನೆ ಇನ್ನೂ ಇದೆ, ನಾವು ಅದರ ಮುಂದೆ ಬೀರು ಇಟ್ಟಿದ್ದೇವೆ. ಓದುಗರಲ್ಲಿ ಮನೆ ಮಾಲೀಕರು ಯಾರಾದರೂ ಇದ್ದರೆ ಮೇಲ್ಮನೆಯಿಂದ ಇದೊಂದು ಅರಿಕೆ: ಪೇಂಟಿಂಗಿಗೆಂದು ದುಡ್ಡು ಹಿಡಿದುಕೊಳ್ಳಿ, ಬೇಡವೆನ್ನುವುದಿಲ್ಲ. ಹಿಡಿದುಕೊಂಡ ಮೇಲೆ ದಯವಿಟ್ಟು ಪೇಂಟ್ ಮಾಡಿಸಿ.